ದುಡಿಯುವ ಶಕ್ತಿ ಕುಂದಿದಾಗ ಮಗುವಿನ ಜೀವನಾಂಶ: ವರ್ತಕ ಸಮುದಾಯ ಗಮನಿಸಬೇಕಾದ ಸಂಗತಿಗಳು

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ವಹಿವಾಟು ಬಹುಮಟ್ಟಿಗೆ ಅಡಿಕೆ, ಕಾಫಿ ಹಾಗೂ ಕಾಳುಮೆಣಸಿನ ಫಸಲನ್ನು ಅವಲಂಬಿಸಿದೆ. ಆ ಫಸಲು ಮಂಡಿಗೆ ತಲಪುವವರೆಗಿನ ಪ್ರತಿಯೊಂದು ಹಂತವೂ ಶರೀರಶ್ರಮದ ಮೇಲೆ ನಿಂತಿದೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಮರವೇರಿ ಬೋರ್ಡೋ ದ್ರಾವಣ ಸಿಂಪಡಿಸುವವರು, ಕೊನೆ ಇಳಿಸುವವರು, ಏಣಿಯ ಮೇಲೆ ನಿಂತು ಮೆಣಸು ಕೊಯ್ಯುವವರು, ಮರದ ಮಿಲ್ಲಿನಲ್ಲಿ ಗರಗಸದ ಮುಂದೆ ದುಡಿಯುವವರು, ಘಟ್ಟದ ತಿರುವುಗಳಲ್ಲಿ ಲಾರಿ ನಡೆಸುವವರು ಪ್ರತಿದಿನ ಅಪಾಯದೊಡನೆ ಕೆಲಸ ಮಾಡುತ್ತಾರೆ. ಒಮ್ಮೆ ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾದರೆ ಇಪ್ಪತ್ತು ವರ್ಷಗಳ ದುಡಿಮೆ ಅಲ್ಲಿಗೇ ಮುಗಿಯುತ್ತದೆ. ಅಂಗಡಿಯ ಗಲ್ಲಾದ ಮುಂದೆ ಕುಳಿತ ಮಾಲೀಕನೂ ಸುರಕ್ಷಿತನಲ್ಲ. ಪಾರ್ಶ್ವವಾಯು ಬಡವ ಬಲ್ಲಿದರೆಂಬ ಭೇದವೆಣಿಸುವುದಿಲ್ಲ.

ಇಂಥವರಲ್ಲಿ ಕೆಲವರು ಪತ್ನಿಯಿಂದ ಬೇರೆಯಾಗಿ, ಮಕ್ಕಳಿಗೆ ಪ್ರತಿ ತಿಂಗಳೂ ಇಂತಿಷ್ಟು ಜೀವನಾಂಶ ಕೊಡಬೇಕೆಂಬ ನ್ಯಾಯಾಲಯದ ಆದೇಶಕ್ಕೆ ಒಳಪಟ್ಟಿರುತ್ತಾರೆ. ದುಡಿಮೆ ನಿಂತ ದಿನ ಆದೇಶ ನಿಲ್ಲುವುದಿಲ್ಲ. ಮಗುವಿನ ಊಟ, ಶಾಲೆಯ ಖರ್ಚು, ಔಷಧಿ ಕೂಡ ನಿಲ್ಲುವುದಿಲ್ಲ. ತಂದೆಯ ಅಸಹಾಯಕತೆ ಮತ್ತು ಮಗುವಿನ ಅಗತ್ಯ ಎರಡೂ ಏಕಕಾಲದಲ್ಲಿ ಸತ್ಯವಾಗಿರುವ ಈ ಸಂದರ್ಭವನ್ನು ಹೇಗೆ ನಿಭಾಯಿಸಬೇಕೆಂಬ ಪ್ರಶ್ನೆ ಕೇವಲ ಆ ಕುಟುಂಬದ್ದೆಂದು ವರ್ತಕರು ಭಾವಿಸುವುದುಂಟು. ಆದರೆ ಕೊಡದೆ ಉಳಿದ ಜೀವನಾಂಶವು ಕೊನೆಗೆ ಬಂದು ಸೇರುವುದು ದಿನಸಿ ಅಂಗಡಿಯ ಉದ್ರಿ ಪುಸ್ತಕಕ್ಕೆ. ಗಾಯಗೊಂಡವನು ಯಾರದೋ ಮಿಲ್ಲಿನ, ಯಾರದೋ ಮಂಡಿಯ ಕೆಲಸಗಾರನೇ ಆಗಿರುತ್ತಾನೆ. ಆದ್ದರಿಂದ ಇದು ವಾಣಿಜ್ಯ ಸಮುದಾಯವೂ ಯೋಚಿಸಬೇಕಾದ ವಿಷಯ.

ಕಾನೂನಿನ ನಿಲುವು

ಜೀವನಾಂಶಕ್ಕೆ ಸಂಬಂಧಿಸಿದಂತೆ ಹೆಚ್ಚು ಬಳಕೆಯಲ್ಲಿದ್ದುದು 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಪ್ರಕರಣ. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಪ್ರಕರಣ ಬಂದಿದೆ. ಇದು ಜಾತಿ ಮತಗಳ ಭೇದವಿಲ್ಲದೆ ಎಲ್ಲರಿಗೂ ಅನ್ವಯಿಸುತ್ತದೆ. ಕುಟುಂಬ ನ್ಯಾಯಾಲಯವಿಲ್ಲದ ಕಡೆಗಳಲ್ಲಿ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ನ್ಯಾಯಾಲಯವೇ ಈ ಅರ್ಜಿಗಳನ್ನು ವಿಚಾರಣೆ ಮಾಡುತ್ತದೆ. ಹಿಂದೂ ಕುಟುಂಬಗಳಿಗೆ 1956ರ ದತ್ತಕ ಮತ್ತು ಜೀವನಾಂಶ ಕಾಯಿದೆಯ 20ನೇ ಪ್ರಕರಣವೂ ಇದೆ. ಅದರ ಪ್ರಕಾರ ಮಕ್ಕಳ ಪೋಷಣೆಯ ಹೊಣೆ ತಂದೆಗೆ ಇರುವಂತೆಯೇ ತಾಯಿಗೂ ಇದೆ.

144ನೇ ಪ್ರಕರಣದಲ್ಲಿ ಎರಡು ಮಾತುಗಳು ಮುಖ್ಯ. ಮೊದಲನೆಯದು, ಆದೇಶ ಹೊರಡಬೇಕಾದರೆ ಆ ವ್ಯಕ್ತಿಗೆ ‘ಸಾಕಷ್ಟು ಅನುಕೂಲ’ ಇರಬೇಕು. ಎರಡನೆಯದು, ಆದೇಶವನ್ನು ‘ಸಕಾರಣವಿಲ್ಲದೆ’ ಪಾಲಿಸದಿದ್ದರೆ ಮಾತ್ರ ಸೆರೆವಾಸ. ಬಾಕಿಯ ವಸೂಲಿಗೆ ವಾರಂಟ್ ಹೊರಡಿಸಿದ ಮೇಲೂ ಹಣ ಬಾರದಿದ್ದರೆ, ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ. ಸೆರೆಮನೆ ಸೇರಿದ ಮಾತ್ರಕ್ಕೆ ಬಾಕಿ ತೀರಿದಂತಾಗದು ಎಂದು ಸರ್ವೋಚ್ಚ ನ್ಯಾಯಾಲಯ ಕುಲದೀಪ್ ಕೌರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ನಿಜವಾಗಿ ಶಕ್ತಿಹೀನನಾದವನಿಗೆ ‘ಸಕಾರಣ’ವೆಂಬ ಮಾತಿನಲ್ಲಿ ರಕ್ಷಣೆಯುಂಟು. ಆದರೆ ಕಾರಣವನ್ನು ನ್ಯಾಯಾಲಯದ ಮುಂದೆ ಹೇಳಿ, ದಾಖಲೆಯಿಂದ ತೋರಿಸಿದಾಗಲೇ ಆ ರಕ್ಷಣೆ ದೊರೆಯುವುದು.

ಇನ್ನು ಮೊಬಲಗನ್ನು ಬದಲಾಯಿಸುವ ದಾರಿ. ಸಂಹಿತೆಯ 146ನೇ ಪ್ರಕರಣದಂತೆ, ಅಂದರೆ ಹಿಂದಿನ 127ನೇ ಪ್ರಕರಣದಂತೆ, ಪರಿಸ್ಥಿತಿ ಬದಲಾದುದನ್ನು ರುಜುವಾತುಪಡಿಸಿದರೆ ಜೀವನಾಂಶವನ್ನು ಹೆಚ್ಚಿಸಲು ಅಥವಾ ತಗ್ಗಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. 1956ರ ಕಾಯಿದೆಯ 25ನೇ ಪ್ರಕರಣದಲ್ಲೂ ಇದೇ ತತ್ವವಿದೆ. ಅಂಗವೈಕಲ್ಯಕ್ಕಿಂತ ದೊಡ್ಡ ಪರಿಸ್ಥಿತಿಯ ಬದಲಾವಣೆ ಬೇರಾವುದು? ಆದರೂ ಆ ಬಾಗಿಲನ್ನು ತಟ್ಟುವವರು ಕಡಿಮೆ.

ಮೌನದ ಬೆಲೆ

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ತಿಂಗಳಿಗೆ ರೂ. 5,000 ಜೀವನಾಂಶ ಕೊಡಬೇಕಾದ ಕೆಲಸಗಾರನೊಬ್ಬ ಆಷಾಢದಲ್ಲಿ ಮರದಿಂದ ಬೀಳುತ್ತಾನೆ. ಆಸ್ಪತ್ರೆ, ಶಸ್ತ್ರಚಿಕಿತ್ಸೆ, ಸಾಲದ ಓಡಾಟದಲ್ಲಿ ನ್ಯಾಯಾಲಯದ ಆದೇಶದ ನೆನಪು ಯಾರಿಗೂ ಬರುವುದಿಲ್ಲ. ಹತ್ತು ತಿಂಗಳಾದ ಮೇಲೆ ವಸೂಲಿ ವಾರಂಟ್ ಬರುವ ಹೊತ್ತಿಗೆ ಬಾಕಿ ರೂ. 50,000 ಆಗಿರುತ್ತದೆ. ಎರಡನೆಯ ತಿಂಗಳಲ್ಲೇ ಆತನ ಪರವಾಗಿ ವಕೀಲರು ಅರ್ಜಿ ಸಲ್ಲಿಸಿದ್ದರೆ, ಆಸ್ಪತ್ರೆಯ ದಾಖಲೆಗಳನ್ನು ನೋಡಿ ಮೊಬಲಗನ್ನು ತಗ್ಗಿಸಲು ಅವಕಾಶವಿತ್ತು. ತಾಯಿಗೂ ಮುಂದಿನ ತಿಂಗಳು ಎಷ್ಟು ಬರುತ್ತದೆಂಬ ಖಚಿತ ಲೆಕ್ಕ ಸಿಗುತ್ತಿತ್ತು. ಮೌನದಿಂದ ನಷ್ಟವಾಗುವುದು ಎರಡೂ ಕಡೆಗೆ.

ಅರ್ಜಿಗೆ ಹಣವಿಲ್ಲವೆಂಬುದೂ ಕಾರಣವಾಗಲಾರದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೇ ಪ್ರಕರಣದಂತೆ ಮಹಿಳೆಯರು, ಮಕ್ಕಳು ಮತ್ತು ವಿಕಲಚೇತನರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಗಾಯಗೊಂಡ ತಂದೆಗೂ, ಮಗುವಿನ ಪರವಾಗಿ ನಿಂತ ತಾಯಿಗೂ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಖರ್ಚಿಲ್ಲದೆ ವಕೀಲರು ದೊರೆಯುತ್ತಾರೆ. ಇಬ್ಬರೂ ಒಪ್ಪುವುದಾದರೆ ಲೋಕ ಅದಾಲತ್ತಿನಲ್ಲಿ ಹೊಸ ಮೊಬಲಗನ್ನು ನಿಗದಿ ಮಾಡಿಕೊಳ್ಳಬಹುದು. ಅದಕ್ಕೆ ಡಿಕ್ರಿಯ ಬಲವಿದೆ. ಊರಿನ ಹಿರಿಯರ ಮುಂದೆ ಬಾಯಿಮಾತಿನಲ್ಲಿ ಆದ ರಾಜಿಗೆ ಆ ಬಲವಿಲ್ಲ. ನಾಳೆ ಮನಸ್ತಾಪ ಬಂದರೆ ಹಳೆಯ ಆದೇಶವೇ ಎದ್ದು ನಿಲ್ಲುತ್ತದೆ.

ಕೈಗೆ ಶಕ್ತಿಯಿಲ್ಲ, ಆದರೆ ಅನುಕೂಲವಿದೆಯೇ?

ಆರೋಗ್ಯವಂತನಾದ ವ್ಯಕ್ತಿ ಕೂಲಿ ಮಾಡಿಯಾದರೂ ಪತ್ನಿ ಮಕ್ಕಳನ್ನು ಸಾಕಬೇಕೆಂಬುದು ಸರ್ವೋಚ್ಚ ನ್ಯಾಯಾಲಯದ ದೃಢ ನಿಲುವು. 2022ರ ಅಂಜು ಗರ್ಗ್ ಪ್ರಕರಣದಲ್ಲಿ ಇದು ಪುನರುಚ್ಚಾರಗೊಂಡಿದೆ. ಈ ನಿಯಮದ ಬುಡದಲ್ಲಿರುವುದು ‘ಆರೋಗ್ಯವಂತ’ ಎಂಬ ಷರತ್ತು. ಪಾರ್ಶ್ವವಾಯುವಿಗೆ ತುತ್ತಾಗಿ ಶೇ. 75ರಷ್ಟು ಅಂಗವೈಕಲ್ಯಕ್ಕೊಳಗಾದ ಪತಿಯ ಪ್ರಕರಣವೊಂದು ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ಬಂದಾಗ, ಊರುಗೋಲು ಹಿಡಿದು ನಡೆಯುವವನನ್ನು ಕೆಲಸ ಹುಡುಕಿ ಜೀವನಾಂಶ ಕೊಡೆಂದು ಬಲವಂತಪಡಿಸಲಾಗದೆಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠ ಹೇಳಿತು. 2024ರ ಆರಂಭದಲ್ಲಿ ವರದಿಯಾದ ಈ ತೀರ್ಪು ರಾಜ್ಯದಲ್ಲಿ ಸಾಕಷ್ಟು ಚರ್ಚೆಗೆ ಒಳಗಾಯಿತು.

ಈ ತೀರ್ಪನ್ನು ಓದಿದ ಕೆಲವರು, ಅಂಗವೈಕಲ್ಯದ ಪ್ರಮಾಣಪತ್ರವೊಂದಿದ್ದರೆ ಮಗುವಿನ ಹೊಣೆಯೂ ಕಳಚಿತೆಂದು ತಿಳಿದರೆ ಅದು ತಪ್ಪು. ದುಡಿಯುವ ಶಕ್ತಿ ಹೋದಾಗ ದುಡಿಮೆಯನ್ನು ಆಧರಿಸಿದ ಲೆಕ್ಕ ಹೋಗುತ್ತದೆ. ಉಳಿದ ಅನುಕೂಲಗಳ ಲೆಕ್ಕ ಉಳಿಯುತ್ತದೆ. ಬಾಡಿಗೆಗೆ ಕೊಟ್ಟ ಮಳಿಗೆ, ಫಸಲು ಕೊಡುವ ತೋಟ, ಪಾಲುದಾರಿಕೆಯ ಲಾಭಾಂಶ, ಬ್ಯಾಂಕಿನ ಠೇವಣಿ ಇವೆಲ್ಲ ಮಾಲೀಕ ಹಾಸಿಗೆ ಹಿಡಿದರೂ ಆದಾಯ ತರುತ್ತವೆ. ಹಾಸಿಗೆಯಲ್ಲಿರುವ ಮಂಡಿ ಮಾಲೀಕನನ್ನೂ ಹಾಸಿಗೆಯಲ್ಲಿರುವ ಕೂಲಿಕಾರನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಹಾಗೆಯೇ ಪ್ರಮಾಣಪತ್ರದಲ್ಲಿ ಬರೆದ ಶೇಕಡಾವಾರು ಅಂಕಿಯೇ ಗಳಿಕೆಯ ನಷ್ಟದ ಅಂಕಿಯಲ್ಲ. ವಾಹನ ಅಪಘಾತದ ಪರಿಹಾರಕ್ಕೆ ಸಂಬಂಧಿಸಿದ ರಾಜಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಈ ಭೇದವನ್ನು ವಿವರಿಸಿತು. ಎಡಗೈ ಕಳೆದುಕೊಂಡ ಚಾಲಕ ಅಥವಾ ಬಡಗಿಯ ಗಳಿಕೆ ಹೆಚ್ಚುಕಡಿಮೆ ಪೂರ್ಣವಾಗಿ ನಿಂತುಹೋಗಬಹುದು. ಅದೇ ಗಾಯವಾದ ಗುಮಾಸ್ತನ ಸಂಬಳಕ್ಕೆ ಧಕ್ಕೆ ಬಾರದಿರಬಹುದು. ಮರ ಹತ್ತುವವನ ಕಾಲಿನ ಊನಕ್ಕೂ ಲೆಕ್ಕ ಬರೆಯುವವನ ಕಾಲಿನ ಊನಕ್ಕೂ ಇರುವ ಅಂತರವನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೀವನಾಂಶದ ವಿಚಾರದಲ್ಲೂ ಕೇಳಬೇಕಾದ ಪ್ರಶ್ನೆ ಇದೇ: ಈ ವ್ಯಕ್ತಿ ಮೊದಲು ಏನು ಮಾಡುತ್ತಿದ್ದ, ಈಗ ಏನು ಮಾಡಬಲ್ಲ?

ಅಸಾಮರ್ಥ್ಯವು ತಾತ್ಕಾಲಿಕವೇ ಶಾಶ್ವತವೇ ಎಂಬುದನ್ನೂ ಬೇರ್ಪಡಿಸಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಈ ಮೂರು ತಾಲ್ಲೂಕುಗಳನ್ನೂ ಕಾಡಿದೆ. ಜ್ವರ ಇಳಿದ ಮೇಲೂ ವಾರಗಟ್ಟಲೆ ನಿಶ್ಶಕ್ತಿ ಉಳಿಯುತ್ತದೆ. ಇಂಥ ರೋಗಿಗೆ ಕೆಲವು ತಿಂಗಳ ರಿಯಾಯಿತಿ ಸಾಕು. ಬೆನ್ನುಹುರಿ ಮುರಿದವನಿಗೆ ಹೊಸ ಆದೇಶವೇ ಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಶೇ. 40ನ್ನು ಮಾನದಂಡವಾಗಿ ಇರಿಸಿದೆ. ಸುಳ್ಳು ಹೇಳಿ ವಿಕಲಚೇತನರ ಸೌಲಭ್ಯ ಪಡೆಯುವವರಿಗೆ ಅದೇ ಕಾಯಿದೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ.

ಲೆಕ್ಕಪತ್ರದ ಪ್ರಾಮಾಣಿಕತೆ

ಮೌನದಷ್ಟೇ ಕೆಟ್ಟದ್ದು ಕೃತಕ ಬಡತನ. ಕಾಯಿಲೆ ಬಿದ್ದೊಡನೆ ಅಂಗಡಿಯ ಪರವಾನಗಿಯನ್ನು ತಮ್ಮನ ಹೆಸರಿಗೆ, ತೋಟವನ್ನು ತಾಯಿಯ ಹೆಸರಿಗೆ ಬದಲಾಯಿಸಿ ‘ಏನೂ ಇಲ್ಲ’ ಎನ್ನುವ ಪ್ರಯತ್ನಗಳು ಎಲ್ಲೆಡೆ ನಡೆಯುತ್ತವೆ. 2020ರ ನವೆಂಬರ್ 4ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ನಂತರ ಇದು ಸುಲಭವಲ್ಲ. ಉಭಯ ಪಕ್ಷಗಳೂ ತಮ್ಮ ಆದಾಯ, ಆಸ್ತಿ ಮತ್ತು ಹೊಣೆಗಾರಿಕೆಗಳನ್ನು ಪ್ರಮಾಣಪತ್ರದ ಮೂಲಕ ಬಹಿರಂಗಪಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ವಿಧಿಸಿದೆ. ಜೀವನಾಂಶವನ್ನು ಅರ್ಜಿ ಸಲ್ಲಿಸಿದ ದಿನಾಂಕದಿಂದ ಲೆಕ್ಕ ಹಾಕಬೇಕೆಂದೂ ಹೇಳಿದೆ. ಪಹಣಿ, ಬ್ಯಾಂಕ್ ಖಾತೆ, ಜಿಎಸ್‌ಟಿ ವಿವರಗಳು ಇಂದು ಮರೆಮಾಚುವ ವಸ್ತುಗಳಲ್ಲ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 39ನೇ ಪ್ರಕರಣದಂತೆ, ಸ್ಥಿರಾಸ್ತಿಯ ಉತ್ಪನ್ನದಿಂದ ಜೀವನಾಂಶ ಪಡೆಯುವ ಹಕ್ಕುಳ್ಳವರು ಆ ಆಸ್ತಿಯನ್ನು ಬಿಟ್ಟಿಯಾಗಿ ಪಡೆದವರ ಮೇಲೂ, ಹಕ್ಕಿನ ವಿಷಯ ತಿಳಿದೇ ಕೊಂಡವರ ಮೇಲೂ ಹಕ್ಕು ಚಲಾಯಿಸಬಹುದು.

ಪ್ರಾಮಾಣಿಕ ಲೆಕ್ಕ ತಂದೆಗೂ ರಕ್ಷಣೆಯೇ. ಹಳದಿ ಎಲೆ ರೋಗ ತಗುಲಿದ ತೋಟಗಳು ಶೃಂಗೇರಿ, ಕೊಪ್ಪ ಭಾಗದಲ್ಲಿ ಎಷ್ಟಿವೆಯೆಂಬುದು ಬೆಳೆಗಾರರಿಗೆ ಗೊತ್ತು. ಪಹಣಿಯಲ್ಲಿ ಮೂರು ಎಕರೆ ಅಡಿಕೆಯೆಂದಿದ್ದರೂ ಮಂಡಿಗೆ ಹೋಗುವ ಮೂಟೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರಬಹುದು. ನಾಲ್ಕಾರು ವರ್ಷಗಳ ಮಂಡಿ ಪಟ್ಟಿಗಳನ್ನು ಜೋಪಾನವಾಗಿಟ್ಟವನು ಅದನ್ನು ನ್ಯಾಯಾಲಯಕ್ಕೆ ತೋರಿಸಬಲ್ಲ. ಬಿಳಿ ಚೀಟಿಯಲ್ಲಿ ವ್ಯಾಪಾರ ಮಾಡಿದವನಿಗೆ ತನ್ನ ನಷ್ಟವನ್ನು ರುಜುವಾತುಪಡಿಸುವ ದಾರಿಯೂ ಇರುವುದಿಲ್ಲ.

ಪಾಲುದಾರಿಕೆ ಸಂಸ್ಥೆಗಳು ಇನ್ನೊಂದನ್ನು ಗಮನಿಸಬೇಕು. 1932ರ ಪಾಲುದಾರಿಕೆ ಕಾಯಿದೆಯ 44ನೇ ಪ್ರಕರಣದಂತೆ, ಪಾಲುದಾರನು ತನ್ನ ಕರ್ತವ್ಯ ನಿರ್ವಹಿಸಲು ಶಾಶ್ವತವಾಗಿ ಅಸಮರ್ಥನಾದರೆ ಉಳಿದವರು ಸಂಸ್ಥೆಯ ವಿಸರ್ಜನೆಗಾಗಿ ನ್ಯಾಯಾಲಯಕ್ಕೆ ಹೋಗಬಹುದು. ಎರಡು ಮೂರು ಜನ ಸೇರಿ ನಡೆಸುವ ವ್ಯಾಪಾರಕ್ಕೆ ಅದು ಮರಣಶಾಸನ. ಪಾಲುದಾರನೊಬ್ಬ ಹಾಸಿಗೆ ಹಿಡಿದರೆ ತಿಂಗಳಿಗೆ ಎಷ್ಟು ಹಣ, ಎಷ್ಟು ಕಾಲ ಕೊಡಬೇಕು, ಪಾಲನ್ನು ಯಾವ ಲೆಕ್ಕದಲ್ಲಿ ಬಿಡಿಸಿಕೊಳ್ಳಬೇಕು ಎಂಬ ಒಂದು ಕಲಮನ್ನು ಪಾಲುದಾರಿಕೆ ಪತ್ರದಲ್ಲಿ ಮೊದಲೇ ಬರೆದಿಟ್ಟರೆ ವ್ಯಾಪಾರವೂ ಉಳಿಯುತ್ತದೆ, ಆತನ ಮಕ್ಕಳ ಪಾಲೂ ಉಳಿಯುತ್ತದೆ.

ಮಾಲೀಕನ ಹೊಣೆ

ಕೆಲಸದ ವೇಳೆ ಗಾಯಗೊಂಡವನ ಮಗುವಿಗೆ ಜೀವನಾಂಶದ ನಿಜವಾದ ಮೂಲ ಹಲವು ವೇಳೆ ಮಾಲೀಕನು ಕೊಡಬೇಕಾದ ಪರಿಹಾರವೇ ಆಗಿರುತ್ತದೆ. 1923ರ ಪರಿಹಾರ ಕಾಯಿದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದ್ದರೂ ಲೆಕ್ಕದ ಕ್ರಮ ಮುಂದುವರಿದಿದೆ. ಅನುಸೂಚಿಯಲ್ಲಿ ಸೇರಿದ ಕೆಲಸಗಳಲ್ಲಿ ಶಾಶ್ವತ ಸಂಪೂರ್ಣ ಅಂಗವೈಕಲ್ಯ ಉಂಟಾದರೆ ಮಾಸಿಕ ವೇತನದ ಶೇ. 60ನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. 35 ವರ್ಷದವನಿಗೆ ಆ ಗುಣಕ 197.06. ತಿಂಗಳಿಗೆ ರೂ. 12,000 ಪಡೆಯುತ್ತಿದ್ದ ಮರದ ಮಿಲ್ಲಿನ ಕೆಲಸಗಾರನಿಗೆ ಇದು ರೂ. 14,18,832 ಆಗುತ್ತದೆ. ಕೊಡಲು ವಿಳಂಬ ಮಾಡಿದರೆ ಬಡ್ಡಿಯೂ, ಸಮರ್ಥನೀಯ ಕಾರಣವಿಲ್ಲದಿದ್ದರೆ ಪರಿಹಾರದ ಅರ್ಧದಷ್ಟರವರೆಗೆ ದಂಡವೂ ಸೇರುತ್ತವೆ. ವಿಮೆ ಇಲ್ಲದ ಸಣ್ಣ ಮಿಲ್ಲಿಗೆ ಈ ಮೊತ್ತ ಬಾಗಿಲು ಮುಚ್ಚಿಸುವಂಥದು. ವಿಮೆ ಇದ್ದರೆ ಮಿಲ್ಲೂ ನಡೆಯುತ್ತದೆ, ಮಗುವೂ ಶಾಲೆಗೆ ಹೋಗುತ್ತದೆ.

ರಾಜ್ಯ ವಿಮಾ ಯೋಜನೆ ಸಾಮಾನ್ಯವಾಗಿ ಹತ್ತು ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಕಡ್ಡಾಯ. ಎರಡು ಮೂರು ಹುಡುಗರನ್ನಿಟ್ಟುಕೊಂಡ ಅಂಗಡಿಗಳು ಅದರ ಹೊರಗೇ ಉಳಿಯುತ್ತವೆ. ಅಂಥವರು ಕನಿಷ್ಠ ಪಕ್ಷ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನಾದರೂ ಮಾಡಿಸಬಹುದು. 2015ರಲ್ಲಿ ಆರಂಭವಾದ ಈ ಯೋಜನೆಯ ವಾರ್ಷಿಕ ಕಂತು 2022ರ ಜೂನ್ 1ರಿಂದ ರೂ. 20. ಅಪಘಾತದಿಂದ ಸಂಪೂರ್ಣ ಅಂಗವೈಕಲ್ಯವಾದರೆ ಎರಡು ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯವಾದರೆ ಒಂದು ಲಕ್ಷ ರೂಪಾಯಿ ದೊರೆಯುತ್ತದೆ. ಹತ್ತು ಜನ ಕೆಲಸಗಾರರಿಗೆ ವರ್ಷಕ್ಕೆ ಇನ್ನೂರು ರೂಪಾಯಿ ಯಾವ ವ್ಯಾಪಾರಿಗೂ ಭಾರವಲ್ಲ. ಆದರೆ ಅಪಘಾತ ವಿಮೆಯು ಕಾಯಿಲೆಯಿಂದ ಬಂದ ಅಂಗವೈಕಲ್ಯಕ್ಕೆ ಒದಗುವುದಿಲ್ಲ, ಮಾಲೀಕನ ಶಾಸನಬದ್ಧ ಪರಿಹಾರದ ಹೊಣೆಯನ್ನೂ ತೀರಿಸುವುದಿಲ್ಲ ಎಂಬುದನ್ನು ಮರೆಯಬಾರದು.

ಕೆಲಸಗಾರನ ಸಂಬಳದಿಂದ ಜೀವನಾಂಶ ಕಡಿದು ಕಳುಹಿಸುವಂತೆ ನ್ಯಾಯಾಲಯದ ಜಪ್ತಿ ಆದೇಶ ಅಂಗಡಿಗೆ ಬಂದರೆ ಅದನ್ನು ಕಡೆಗಣಿಸುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಜೀವನಾಂಶದ ಡಿಕ್ರಿಯ ಜಾರಿಯಲ್ಲಿ ಸಂಬಳದ ಮೂರನೇ ಒಂದು ಭಾಗಕ್ಕೆ ಮಾತ್ರ ರಕ್ಷಣೆ. ಆದೇಶ ತಲಪಿದ ಮೇಲೆ ಪೂರ್ತಿ ಸಂಬಳವನ್ನು ನೌಕರನ ಕೈಗೆ ಕೊಟ್ಟ ಮಾಲೀಕನೇ ಆ ಮೊತ್ತಕ್ಕೆ ಬಾಧ್ಯನಾಗುತ್ತಾನೆ. ನೌಕರ ಗಾಯದಿಂದ ಕೆಲಸಕ್ಕೆ ಬಾರದಿದ್ದಾಗ ಯಾವ ದಿನದಿಂದ ಸಂಬಳ ನಿಂತಿದೆ, ಮೊದಲು ಎಷ್ಟಿತ್ತು ಎಂಬ ಪತ್ರವನ್ನು ಕೊಡುವುದು ಮಾಲೀಕ ಮಾಡಬಹುದಾದ ದೊಡ್ಡ ಉಪಕಾರ. ಆ ಒಂದು ಹಾಳೆ ಇಲ್ಲದೆ ಎಷ್ಟೋ ಅರ್ಜಿಗಳು ಬಲಹೀನವಾಗುತ್ತವೆ.

ಇದಕ್ಕಿಂತ ಹೆಚ್ಚಿನ ಉಪಕಾರ ಬದಲಿ ಕೆಲಸ. ಸೇವಾವಧಿಯಲ್ಲಿ ಅಂಗವಿಕಲನಾದ ನೌಕರನನ್ನು ತೆಗೆದುಹಾಕಬಾರದೆಂಬ ನಿಯಮ 2016ರ ಕಾಯಿದೆಯಲ್ಲಿ ಸರ್ಕಾರಿ ಸಂಸ್ಥೆಗಳಿಗಷ್ಟೇ ಇದೆ. ಖಾಸಗಿ ಮಂಡಿಗೆ ಅಂಥ ಕಟ್ಟು ಇಲ್ಲ. ಆದರೂ ಮೂಟೆ ಹೊರಲಾಗದವನು ತೂಕ ಬರೆಯಬಲ್ಲ, ಬಿಲ್ಲು ಹಾಕಬಲ್ಲ, ದೂರವಾಣಿಯಲ್ಲಿ ದರ ವಿಚಾರಿಸಬಲ್ಲ. ಅಡಿಕೆಯ ದರ್ಜೆಯನ್ನು ಕಣ್ಣಳತೆಯಲ್ಲಿ ಹೇಳಬಲ್ಲವನ ಕಾಲು ಊನವಾದರೆ ಆ ಜ್ಞಾನ ಊನವಾಗುವುದಿಲ್ಲ. ಸಂಬಳ ಅರ್ಧವೇ ಇರಲಿ, ಅದರಿಂದ ಮಗುವಿಗೆ ಹೋಗುವ ಸಾವಿರ ರೂಪಾಯಿ ತಂದೆಯ ದುಡಿಮೆಯದೇ ಆಗಿರುತ್ತದೆ.

ತಾಯಿಯ ಪಕ್ಷ

ತಂದೆಯ ಕಷ್ಟವನ್ನು ಹೇಳುವಾಗ ತಾಯಿಯದನ್ನು ಮರೆಯುವುದು ನ್ಯಾಯವಲ್ಲ. ತಂದೆ ತಾಯಿ ಇಬ್ಬರೂ ದುಡಿಯುವುದಾದರೆ ಮಕ್ಕಳ ಖರ್ಚನ್ನು ಆದಾಯದ ಪ್ರಮಾಣದಲ್ಲಿ ಹಂಚಿಕೊಳ್ಳಬೇಕೆಂದು ಸರ್ವೋಚ್ಚ ನ್ಯಾಯಾಲಯ 2000ದ ಪದ್ಮಜಾ ಶರ್ಮಾ ಪ್ರಕರಣದಲ್ಲಿ ಹೇಳಿದೆ. ತಂದೆಯ ಭಾಗ ಇಳಿದಾಗ ತಾಯಿಯ ಭಾಗ ಏರುವುದು ಲೆಕ್ಕಕ್ಕೆ ಸರಿ. ಆದರೆ ತೋಟದ ಕೂಲಿಯಲ್ಲೋ ಅಡಿಕೆ ಸುಲಿಯುವುದರಲ್ಲೋ ಬದುಕುವ ತಾಯಿಯ ಹೆಗಲಿಗೆ ಎಷ್ಟು ಏರಿಸಲು ಸಾಧ್ಯ?

ಈ ಕೊರತೆಯನ್ನು ತುಂಬಲು ಸರ್ಕಾರದ ವ್ಯವಸ್ಥೆಯೊಂದಿದೆ. ಅದರ ಪರಿಚಯ ಬಹಳ ಮಂದಿಗಿಲ್ಲ. ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಯಂತೆ, ತಂದೆತಾಯಿ ಅಸಮರ್ಥರಾಗಿ ಸಾಕಲಾಗದ ಮಕ್ಕಳಿಗೂ, ವಿಚ್ಛೇದಿತ ಅಥವಾ ಪರಿತ್ಯಕ್ತ ತಾಯಿಯ ಮಕ್ಕಳಿಗೂ ತಿಂಗಳಿಗೆ ರೂ. 4,000 ಪ್ರಾಯೋಜಕತ್ವದ ನೆರವು ದೊರೆಯಬಹುದು. ಕುಟುಂಬದ ವಾರ್ಷಿಕ ಆದಾಯ ಗ್ರಾಮಾಂತರದಲ್ಲಿ ರೂ. 72,000, ಇತರೆಡೆ ರೂ. 96,000 ಮೀರಬಾರದು. ಅರ್ಜಿ ಸಲ್ಲಿಸಬೇಕಾದುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ತಂದೆಗೆ ಬರುವ ವಿಕಲಚೇತನರ ಮಾಸಾಶನ ಅವನ ಔಷಧಿಗೇ ಸಾಲದು. ಮಗುವಿನ ಹೆಸರಿನಲ್ಲೇ ಬರುವ ಈ ನೆರವು ಬೇರೆ.

ವಾಣಿಜ್ಯ ಸಂಘಗಳು ಮಾಡಬಹುದಾದುದು

ಇಷ್ಟೆಲ್ಲಕ್ಕೂ ಹೊಸ ಕಾಯಿದೆ ಬೇಕಾಗಿಲ್ಲ. ಮೂರು ತಾಲ್ಲೂಕುಗಳ ವರ್ತಕರ ಸಂಘಗಳು ನಾಲ್ಕು ಕೆಲಸಗಳನ್ನು ಕೈಗೊಂಡರೆ ಸಾಕು. ಪ್ರತಿ ವರ್ಷ ಮಳೆಗಾಲ ಹಿಡಿಯುವ ಮುನ್ನ ಸದಸ್ಯರ ಎಲ್ಲ ಕೆಲಸಗಾರರ ವಿಮೆ ಚಾಲ್ತಿಯಲ್ಲಿದೆಯೇ ಎಂದು ಪರಿಶೀಲಿಸುವುದು. ಗಾಯಗೊಂಡ ನೌಕರನಿಗೆ ವೇತನದ ದೃಢೀಕರಣ ಪತ್ರ ಕೊಡುವುದನ್ನು ರೂಢಿ ಮಾಡುವುದು. ತಾಲ್ಲೂಕು ಕಾನೂನು ಸೇವಾ ಸಮಿತಿಯವರನ್ನು ವರ್ಷಕ್ಕೊಮ್ಮೆ ಸಂಘದ ಸಭೆಗೆ ಆಹ್ವಾನಿಸಿ ಜೀವನಾಂಶ ಮಾರ್ಪಾಡಿನ ವಿಷಯವನ್ನು ತಿಳಿಸುವುದು. ಪಾಲುದಾರಿಕೆ ಪತ್ರಕ್ಕೆ ಅಂಗವೈಕಲ್ಯದ ಕಲಮಿನ ಮಾದರಿಯೊಂದನ್ನು ಸಿದ್ಧಪಡಿಸಿ ಸದಸ್ಯರಿಗೆ ಒದಗಿಸುವುದು.

ಖಾಸಗಿ ಸಂಸಾರದ ವಿಷಯದಲ್ಲಿ ವರ್ತಕರ ಸಂಘ ತಲೆ ಹಾಕುವುದೇಕೆಂಬ ಆಕ್ಷೇಪ ಬರಬಹುದು. ಗಂಡ ಹೆಂಡಿರ ವ್ಯಾಜ್ಯದಲ್ಲಿ ಯಾರ ತಪ್ಪು ಎಷ್ಟೆಂದು ತೀರ್ಮಾನಿಸುವುದು ಸಂಘದ ಕೆಲಸವಲ್ಲ ಎಂಬುದು ನಿಜ. ಆದರೆ ಆ ವ್ಯಾಜ್ಯದಲ್ಲಿ ಮಗುವಿನ ತಪ್ಪು ಏನೂ ಇಲ್ಲ. ತಂದೆಯ ಶಕ್ತಿ ಕುಂದಿದಾಗ ಜೀವನಾಂಶದ ಮೊಬಲಗು ಕುಂದುವುದು ನ್ಯಾಯ. ಅದು ಎಷ್ಟೆಂಬುದನ್ನು ತಡಮಾಡದೆ, ನಿಜವಾದ ಲೆಕ್ಕದ ಆಧಾರದ ಮೇಲೆ, ನ್ಯಾಯಾಲಯದ ಮೂಲಕ ನಿರ್ಧರಿಸಿಕೊಳ್ಳುವುದು ತಂದೆಯ ಕರ್ತವ್ಯ. ಆ ಲೆಕ್ಕಕ್ಕೆ ಬೇಕಾದ ಕಾಗದ, ವಿಮೆ ಮತ್ತು ಸಾಧ್ಯವಾದಲ್ಲಿ ಒಂದು ಹಗುರವಾದ ಕೆಲಸವನ್ನು ಒದಗಿಸುವುದು ಅವನ ಶ್ರಮದಿಂದ ವ್ಯಾಪಾರ ನಡೆಸಿದವರ ಕರ್ತವ್ಯ. ಈ ಸಾಲಿನ ಮಳೆ ಆರಂಭವಾಗುವ ಮುನ್ನ ಪ್ರತಿಯೊಬ್ಬ ಸದಸ್ಯನೂ ತನ್ನ ಅಂಗಡಿಯ, ಮಿಲ್ಲಿನ, ತೋಟದ ಕೆಲಸಗಾರರ ಪಟ್ಟಿಯನ್ನು ಮುಂದಿಟ್ಟುಕೊಂಡು ಒಮ್ಮೆ ಪರಿಶೀಲಿಸುವುದು ಒಳಿತು.